ಹರಿದ ಕಿವಿ, ಡಾಕ್ಟರ ಸಹಿ

ಅಫಜಲಪುರ, ೧೧ ಮಾರ್ಚ್ ೧೯೮೭, ಬುಧವಾರ

ಇನ್ನೂ ಮೈ ಉರಿಯಾಕತ್ತದ. ಬೆಂಡೋಲೆ ಭಾರಕ್ಕ ಹರಿದ ಕಿವಿ ಹೊಲಿಯೂದು ಡಾಕ್ಟರ ಕೆಲಸ. ಆರು ವರ್ಷದಿಂದ ಹೊಲಿಯಾಕತ್ತಾಕಿ ನರ್ಸ್ ನಾನು. ಹೊಲಿಗಿ ಚಂದ ಕೂತರ ಹೆಸರು ಅವರದು.

ಹೋದ ವಾರ ನಾನು ಹೊಲದು ಕಳಸಿದ್ದ ಮದೀನಾಬಿ ಇವತ್ತು ಕಿವಿ ಕೀವು ತುಂಬಿಕೊಂಡು ಬಂದಳು. ಹೊಲಿಗಿ ಮ್ಯಾಲೆ ಬೂದಿ ಹಚ್ಚಿದ್ದಳಂತ. ಡಾಕ್ಟರು ಎಲ್ಲರ ಮುಂದ, “ಸಿಸ್ಟರ್, ಇದು ನರ್ಸ್ ಮಾಡೋ ಕೆಲಸ ಅಲ್ಲ. ನಿಮಗ ಯಾರು ಹೇಳಿದ್ರು?” ಅಂದ್ರು. ಹೇಳಿದವರು ಅವರೇ!

ತಾಸಿನೊಳಗ ಮತ್ತೊಬ್ಬಾಕಿ ಬಂದಳು, ಬರೋ ತಿಂಗಳು ಮಗಳ ಮದುವಿ ಅಂತ. “ಕಿವಿ ಹೊಲದು ಕಳಸ್ರಿ, ಸಿಸ್ಟರ್” ಅಂದ್ರು ಅದೇ ಡಾಕ್ಟರು.

“ಸಿಸ್ಟರ್ ಹೊಲೀಲಿ ಅಂತ ಚೀಟಿ ಮ್ಯಾಲೆ ಬರದು ಸಹಿ ಮಾಡಿಕೊಡ್ರಿ” ಅಂದೆ.

ಅವರ ಪೆನ್ನು ಕಿಸೆದಾಗೇ ಉಳೀತು. ಅಕಿ ಹರಿದ ಕಿವಿ ಸೆರಗಿನ್ಯಾಗ ಮುಚ್ಚಿಕೊಂಡು ವಾಪಸ್ ಹೋದಳು.

ಗೆದ್ದೆ ಅಂತ ಬರೀಬೇಕಂದ್ರ ಅಕಿ ಮಾರಿನೇ ಕಣ್ಣ ಮುಂದ ಬರ್ತದ...