ನಮ್ಮ ಮನೆಯವರ ರಕ್ತ ಬೇಡ

ರಕ್ತ ಹಾಕುವ ವಾರ್ಡು, ಕಿಟಕಿ ಪಕ್ಕದ ಮಂಚ
ಮಂಗಳವಾರ, ಮಧ್ಯಾಹ್ನ

ಮುನಿಸಿಕೊಂಡಿರುವ ಅಪ್ಪನಿಗೆ ಮಗಳ ನಮಸ್ಕಾರ.

ಐವತ್ತು ದಿನದಿಂದ ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಫೋನ್ ಮಾಡಿದರೆ ಅಮ್ಮನ ಕೈಗೆ ಕೊಡುತ್ತೀರಿ. ಅದಕ್ಕೇ ಈ ಕಾಗದ. ಓದದೆ ಹರಿದು ಹಾಕಿದರೆ ಇನ್ನೊಂದು ಬರೆಯುತ್ತೇನೆ.

ಅವತ್ತು ನನಗೆ ಹೊಂದುವ ರಕ್ತ ಸಿಗುತ್ತಿಲ್ಲವೆಂದು ಕೇಳಿದ್ದೇ ತಡ, ನೀವು ಬಸ್ಸಿನ ಡ್ಯೂಟಿ ಬಿಟ್ಟು ಅಕ್ಕ, ಇಬ್ಬರು ಚಿಕ್ಕಪ್ಪಂದಿರು, ಸೋದರತ್ತೆ ಎಲ್ಲರನ್ನೂ ಆಸ್ಪತ್ರೆಗೆ ಕರೆತಂದಿರಿ. ಎಲ್ಲರೂ ತೋಳು ಮೇಲೇರಿಸಿಕೊಂಡು ಸಾಲಾಗಿ ಕುಳಿತಿದ್ದರು. ನಮ್ಮ ಮನೆಯವರ ರಕ್ತ ನನಗೆ ಬೇಡವೆಂದು ನಾನು ಎಲ್ಲರೆದುರೇ ಹೇಳಿಬಿಟ್ಟೆ. "ನನ್ ರಕ್ತ ಅಷ್ಟು ಕೆಟ್ಟೋಯ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನೀವು ಮೆಟ್ಟಿಲಿಳಿದಿರಿ.

ಉತ್ತರ ಈಗ ಕೇಳಿ. ಹತ್ತಿರದ ಸಂಬಂಧಿಕರ ರಕ್ತ ಕೆಲವೊಮ್ಮೆ ನಮ್ಮ ಮೈಮೇಲೇ ತಿರುಗಿಬೀಳುತ್ತದಂತೆ. ಅದೂ ಅಲ್ಲದೆ, ಮುಂದೆಂದಾದರೂ ಈ ಕಾಯಿಲೆ ವಾಸಿಮಾಡಲು ಮನೆಯವರ ಅಸ್ಥಿಮಜ್ಜೆ ಕಸಿ ಮಾಡಬೇಕಾದರೆ, ಅವರ ರಕ್ತದ ರುಚಿ ಕಂಡ ಮೈ ಅದನ್ನು ಒಪ್ಪದೆ ಹೋಗಬಹುದಂತೆ. ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. ನಿಂತಿದ್ದರೆ ನಿಮಗೂ ಹೇಳುತ್ತಿದ್ದರು.

ಒಂಬತ್ತು ವರ್ಷದವಳಿದ್ದಾಗ ಬರೀ ಗುಂಪು ನೋಡಿ, ಉಳಿದದ್ದು ಹೊಂದುತ್ತದೋ ಇಲ್ಲವೋ ನೋಡದೆ ಹಾಕಿದ ರಕ್ತಕ್ಕೆ ಮಂಚ ಅಲುಗುವಂತೆ ನಡುಗಿದ್ದೆ, ನೆನಪಿದೆಯೇ? "ಅವ್ರು ಓದಿದವ್ರು, ಅವ್ರಿಗೆ ಗೊತ್ತಿರತ್ತೆ ಬಿಡು" ಎಂದು ನೀವು ಅಮ್ಮನ ಬಾಯಿ ಮುಚ್ಚಿಸಿದಿರಿ. ಅಂದಿನಿಂದ ಕೆಲವು ಬಗೆಯ ರಕ್ತ ನನ್ನ ಮೈಗೆ ಆಗಿಬರುವುದಿಲ್ಲ. ಆ ಪಟ್ಟಿ ನನ್ನ ಕಾರ್ಡಿನಲ್ಲಿದೆ. ಥಲಸ್ಸೇಮಿಯಾ ಇರುವವಳಿಗೆ ಮೂರು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು, ನಿಜ. ಹಾಗೆಂದು ಸಿಕ್ಕಿದ್ದನ್ನೆಲ್ಲ ಹಾಕಿಸಿಕೊಳ್ಳುವವಳು ನಾನಲ್ಲ. ಪ್ರತಿ ಬಾಟಲಿಯ ಚೀಟಿಯನ್ನೂ ಕಾರ್ಡಿನ ಪಕ್ಕ ಹಿಡಿದು ಓದುತ್ತೇನೆ. ಹೊಂದದಿದ್ದರೆ ವಾಪಸ್. "ಬಂದ್ಲಪ್ಪ ಇನ್‌ಸ್ಪೆಕ್ಟರಮ್ಮ" ಎಂದು ಇಲ್ಲಿನ ನರ್ಸಕ್ಕ ಗೊಣಗುತ್ತಾರೆ. ಗೊಣಗುತ್ತಲೇ ಈಗ ಪಕ್ಕದ ಮಂಚದ ಮಗುವಿನ ಚೀಟಿಯನ್ನೂ ಎರಡು ಸಲ ಓದುತ್ತಾರೆ.

ಹೆದರಿಕೆ ಇಲ್ಲವೆಂದಲ್ಲ. ನೀವು ಹೋದ ಮೇಲೆ ಸರಿಯಾದ ರಕ್ತ ಬರಲು ಎಂಟು ದಿನ ಹಿಡಿಯಿತು. ನನ್ನ ಬಾಡಿಗೆ ಕೋಣೆಗೆ ಹತ್ತಲಾಗದೆ ಅರ್ಧ ಮೆಟ್ಟಿಲಲ್ಲೇ ಕುಳಿತು ಅತ್ತಿದ್ದೇನೆ. ಆದರೂ ಕಾದೆ. ಮುಂದೆಯೂ ಕಾಯುತ್ತೇನೆ.

ಈ ಕಾಯಿಲೆ ನಿಮ್ಮಿಬ್ಬರಿಂದ ಬಂತೆಂದು ನೀವು ಒಳಗೊಳಗೇ ಕೊರಗುವುದು ನನಗೆ ಗೊತ್ತು. ಸಾಕು ಮಾಡಿ, ಅಪ್ಪ. ಅದಕ್ಕೆ ನನಗೆ ಸಾಸಿವೆಯಷ್ಟೂ ಸಿಟ್ಟಿಲ್ಲ. ಮಾತು ಬಿಟ್ಟಿದ್ದಕ್ಕೆ ಮಾತ್ರ ಬೇಕಾದಷ್ಟಿದೆ.

ಇಂತಿ,
ನಿಮ್ಮ ಬಾಯಿಬಡುಕಿ ಕಿರಿಮಗಳು

ತಾ.ಕ.: ಮರೆತಿದ್ದೆನೆಂದು ಸುಳ್ಳು ಹೇಳುವುದಿಲ್ಲ, ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಅಕ್ಕನ ಅಸ್ಥಿಮಜ್ಜೆ ನನಗೆ ಪೂರ್ತಿ ಹೊಂದುತ್ತದೆಯೆಂದು ನಿನ್ನೆ ವರದಿ ಬಂತು. ಕಸಿ ಮಾಡಿಸಿಕೊಳ್ಳಬೇಕೋ ಬೇಡವೋ, ತೀರ್ಮಾನ ನನ್ನದೇ. ಗುರುವಾರ ಡಾಕ್ಟರಮ್ಮ ಕರೆದಿದ್ದಾರೆ. ಬಂದು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಿ. ಈ ಸಲ ಪೂರ್ತಿ ಕೇಳಿ. ಆಮೇಲೆ ಬೇಕಾದರೆ ಎದ್ದು ಹೋಗಿ.