ಔಷಧಿ ಕಿಟಕಿಯಲ್ಲಿ ಹೇಳಿದ ಸುಳ್ಳು

ಸೇನಾ ಶಿಬಿರ
ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಮೊದಲು ಪೊಟ್ಟಣ ಬಿಚ್ಚು. ಒಳಗಿರುವುದು ನೀನು ಕೇಳಿದ್ದ ಗರ್ಭನಿರೋಧಕ ಮಾತ್ರೆ, ಎಂಟು ತಿಂಗಳಿಗಾಗುವಷ್ಟು. ನಡುವೆ ತಪ್ಪಿಹೋಗಿದೆಯಲ್ಲ, ಶುರು ಮಾಡುವ ಮುಂಚೆ ಅಲ್ಲಿಯ ನರ್ಸನ್ನು ಕೇಳು.

ಗಡಿಠಾಣೆಗೆ ಹೊರಡುವ ಮುನ್ನಾದಿನ ನೀನು ನನ್ನ ಔಷಧಿ ಕಿಟಕಿಗೆ ಬಂದಾಗ, ಮಾಲು ಬಂದಿಲ್ಲ ಎಂದೆನಲ್ಲ, ಅದು ಸುಳ್ಳು. ಡಬ್ಬ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ನಿನ್ನ ತೋಳಿನ ಮೇಲೆ ಬಡ್ತಿಯ ಹೊಸ ಪಟ್ಟಿ ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು ಕಣೇ. ಲಾರಿ ತರಬೇತಿಯಲ್ಲಿ ನಾನು ಮೊದಲನೆಯವಳು. ನೀನು ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿದವಳು. ಐದು ವರ್ಷದ ಹಿಂದೆ ಲಾರಿ ಹತ್ತಿ ಮೊದಲು ಠಾಣೆಗೆ ಹೋದದ್ದೂ ನಾನೇ. ಒಂದೇ ತಿಂಗಳ ಮಾತ್ರೆ ಕೊಟ್ಟು ಕಳಿಸಿದ್ದರು. ಮುಗಿದ ಮೇಲೆ ಅಲ್ಲಿಯ ಡಾಕ್ಟರನ್ನು ಕೇಳಿದರೆ, ಇಲ್ಲಿ ಗುಂಡೇಟಿಗೆ ಔಷಧಿಯುಂಟು, ಇದಕ್ಕಿಲ್ಲ ಎಂದು ನಕ್ಕರು. ಸಾಲಿನಲ್ಲಿದ್ದ ಗಂಡಸರೂ ನಕ್ಕರು. ಮತ್ತೆ ಕೇಳಲು ನಾಚಿಕೆಯಾಯಿತು. ರಜೆಗೆ ಮನೆಗೆ ಹೋಗಿ ಬಂದೆ; ಮುಟ್ಟು ನಿಂತಿತು. ನನ್ನನ್ನು ಲಾರಿಯಿಂದ ಇಳಿಸಿ ಈ ಔಷಧಿ ಕಿಟಕಿಗೆ ಹಾಕಿದರು, ನಿನ್ನನ್ನು ಹತ್ತಿಸಿದರು. ಮಗಳು ನನ್ನ ಜೀವ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳ ಜಡೆ ಹೆಣೆಯುತ್ತಾ ನಿನ್ನ ಲಾರಿಯ ಸದ್ದಿಗೆ ಕಿವಿಗೊಟ್ಟ ಬೆಳಗುಗಳು ಎಷ್ಟೋ.

ಆ ದಿನ ನೀನು ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದ್ದೆ: ಮಗು ಈಗ ಬೇಡ ಅನ್ನುವುದೊಂದೇ ಅಲ್ಲ, ಮುಟ್ಟಿನ ನೋವಿಗೂ ಈ ಮಾತ್ರೆಯೇ ಆಧಾರ, ಹನ್ನೆರಡು ಗಂಟೆ ಸ್ಟೀರಿಂಗ್ ಹಿಡಿದವಳಿಗೆ ಬಟ್ಟೆ ಬದಲಿಸಲೂ ಲಾರಿ ನಿಲ್ಲಿಸುವ ಹಾಗಿಲ್ಲ ಎಂದು. ಎಲ್ಲ ಕೇಳಿಸಿಕೊಂಡೂ ಮಾತ್ರೆ ಇಲ್ಲ ಎಂದೆ. ಇವಳೂ ಒಮ್ಮೆ ಲಾರಿಯಿಂದ ಇಳಿಯಲಿ ಅನ್ನಿಸಿತ್ತು. ನೀನೋ, "ಇಲ್ದಿದ್ರೆ ಬಿಡೇ, ನೀನೇನ್ ಮಾಡ್ತೀಯ ಪಾಪ" ಎಂದು ಹೊರಟುಹೋದೆ.

ಆ ‘ಪಾಪ’ ಮೂರು ವಾರ ನನ್ನನ್ನು ತಿಂದಿತು. ಮೊನ್ನೆ ಠಾಣೆಯಿಂದ ಬಂದ ಆಂಬುಲೆನ್ಸ್ ಚಾಲಕ, ನೀನು ನೋವಿಗೆ ಮುದುಡಿಕೊಂಡೇ ಮುಂದಿನ ಲಾರಿ ಓಡಿಸಿ, ನಿನ್ನ ಸಾಲಿನ ಹದಿನೆಂಟು ಲಾರಿಗಳನ್ನೂ ಸುರಕ್ಷಿತವಾಗಿ ಮುಟ್ಟಿಸಿದೆ ಎಂದ. ಆಗಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಅಳು ಆಮೇಲೆ ಬಂತು.

ನಿನ್ನೆ ದೊಡ್ಡ ಡಾಕ್ಟರಮ್ಮನ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು, "ಅವತ್ತು ನಿಂಗಾದದ್ದನ್ನೇ ನೀನು ಅವಳಿಗೆ ಮಾಡ್ದೆ, ಅದೂ ಗೊತ್ತಿದ್ದೂ" ಎಂದರು. ನನ್ನನ್ನು ಕಿಟಕಿಯಿಂದ ತೆಗೆದಿದ್ದಾರೆ. ಇನ್ನು ಠಾಣೆಗೆ ಹೊರಡುವ ಹೆಂಗಸರನ್ನೆಲ್ಲ ಒಳಗೆ ಕೂರಿಸಿ ವಿಚಾರಿಸಬೇಕು, ಬೇಕೆಂದವರಿಗೆ ಪೂರ್ತಿ ಅವಧಿಯ ಮಾತ್ರೆ ಕೊಡಬೇಕು ಎಂಬ ಆದೇಶವನ್ನು ನನ್ನ ಕೈಯಲ್ಲೇ ಬರೆಸಿದರು.

ಕ್ಷಮಿಸು ಎನ್ನಲಾರೆ. ಬೈದಾದರೂ ಎರಡು ಸಾಲು ಬರೆ.

ನಿನ್ನವಳು ಎನ್ನಲು ಹೆದರುತ್ತಿರುವ,
ಸ್ಪ್ಯಾನರ್

ತಾ.ಕ.: ಲಾರಿ ವಿಭಾಗಕ್ಕೆ ನಾನೂ ಮತ್ತೆ ಅರ್ಜಿ ಹಾಕಿದ್ದೇನೆ. ಮಾಡಿದ್ದು ಗೊತ್ತಾದ ಮೇಲೆ ತೆಗೆದುಕೊಳ್ಳುವುದು ಅನುಮಾನ. ಆದರೂ ಎಂಟು ತಿಂಗಳ ಮಾತ್ರೆ ನನ್ನ ಹೆಸರಿಗೂ ಬರೆಸಿಕೊಂಡೆ. ಎರಡನೆಯ ಮಗುವಿನ ಆಸೆಯಲ್ಲಿರುವ ನಮ್ಮೆಜಮಾನರಿಗೆ ಇನ್ನೂ ಹೇಳಿಲ್ಲ.