ಐದು ಮೆಟ್ಟಿಲಿಗೆ ನಾಲ್ಕು ಎಂಎಂ ವೈರ್

ಮೇ 3, ಶನಿವಾರ. ಬೆಳಿಗ್ಗೆ 11

ಈವರೆಗಿನ ಖರ್ಚು: ಹಳೆಯ ವೆಲ್ಡಿಂಗ್ ಮೆಷಿನ್ ಒಂದು. ಕಬ್ಬಿಣದ ಪೈಪ್ ಆರು. ಸುಟ್ಟ ಫ್ಯೂಸ್ ಮೂರು. ಹೆಂಡತಿಯ ಮೌನ ಒಂದೂವರೆ ದಿನ. ಜಮೆ — ಸೊನ್ನೆ.

ಇಂದೂ ಪ್ಲಗ್ ಹಾಕಿದೆ, ಇಂದೂ ಫ್ಯೂಸ್ ಹೋಯಿತು. ಅಡುಗೆಮನೆಯಲ್ಲಿ ಮಿಕ್ಸಿ ಅರ್ಧಕ್ಕೇ ನಿಂತಿತು. "ಈ ಮನೇಲಿ ನೀವಿರ್ಬೇಕು, ಇಲ್ಲ ಮಿಕ್ಸಿ ಇರ್ಬೇಕು" ಎಂದಳು. ಮಿಕ್ಸಿಗೆ ಇನ್ನೂ ಗ್ಯಾರಂಟಿ ಇದೆ, ನನ್ನದು ಮುಗಿದಿದೆ.

ಆದರೆ ಬಿಡುವಂತಿಲ್ಲ. ಹದಿನೇಳಕ್ಕೆ ಅಕ್ಕ ಬರುತ್ತಾಳೆ. ಮಂಡಿ ಕೈಕೊಟ್ಟ ಮೇಲೆ, ಎರಡು ವರ್ಷದಿಂದ, ನಮ್ಮ ಐದು ಮೆಟ್ಟಿಲು ಹತ್ತಿಲ್ಲ. ಗೇಟಿನ ಮುಂದೆ ಮಗನ ಕಾರಿನಲ್ಲೇ ಕೂತು ಟೀ ಕುಡಿದು, ಕಿಟಕಿಯಿಂದಲೇ ಲೋಟ ವಾಪಸ್ ಕೊಟ್ಟು ಹೋಗುತ್ತಾಳೆ. ಒಡಹುಟ್ಟಿದವಳು, ಅಂಚೆಯವನ ಹಾಗೆ! ಹಿಡಿದು ಹತ್ತಲು ಒಂದು ರೇಲಿಂಗ್ ಬೇಕು. ಸಿದ್ಧವಾದದ್ದು ಅಂಗಡಿಯಲ್ಲಿ ಸಿಗುತ್ತದೆ, ಗೊತ್ತು. ಆದರೆ ಇಡೀ ಆಯುಷ್ಯ ಬೇರೆಯವರು ಮಾಡಿದ ಪಾತ್ರೆ ಮಾರಿದೆ. ನನ್ನ ಕೈಯಾರೆ ಮಾಡಿದ್ದು ಒಂದು ಸೌಟೂ ಇಲ್ಲ. ಎರಡು ತಿಂಗಳು ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿತದ್ದು ಮತ್ಯಾಕೆ?

ಮೇ 5, ಸೋಮವಾರ

ಎಲೆಕ್ಟ್ರಿಷಿಯನ್ ಬಂದಳು. ನಲವತ್ತರ ಹೆಂಗಸು. ಬಾಯಿ ತೆರೆದರೆ ಎಲ್ಲಿ ಮುತ್ತು ಉದುರುತ್ತದೋ ಎಂಬ ಹೆದರಿಕೆ. ನಾನಿಟ್ಟ ಹೆಸರು ಮುತ್ತಮ್ಮ. ಮೆಷಿನ್ನಿನ ಮೇಲೆ ಕರೆಂಟಿನ ಲೆಕ್ಕ ಕೆತ್ತಿದ ತಗಡು ಓದಿದಳು. ಮುಂಬಾಗಿಲ ಪಕ್ಕದ ಮೀಟರ್ ಬೋರ್ಡಿನಿಂದ ಮೆಷಿನ್ ಇಟ್ಟಿರುವ ಹಿತ್ತಿಲ ಶೆಡ್ಡಿನವರೆಗೆ ಟೇಪು ಎಳೆದಳು.

"ಮೂವತ್ತು ಆಂಪ್ಸ್. ಮೂವತ್ತೆರಡು ಮೀಟರ್. ಆರು ಎಂಎಂ ವೈರ್."

"ಆರು ಜಾಸ್ತಿಯಾಯ್ತಮ್ಮ. ಎರಡೂವರೆ ಮಾಡ್ಕೊಳ್ಳಿ."

"ಆಗಲ್ಲ."

"ಹೋಗ್ಲಿ, ನಿಮ್ಮದೂ ಬೇಡ ನನ್ನದೂ ಬೇಡ. ನಾಲ್ಕು."

"ಯಜಮಾನ್ರೇ, ಇದು ಸೊಪ್ಪಿನ ಕಟ್ಟಲ್ಲ. ದೂರ ಹೆಚ್ಚಿದಷ್ಟೂ ವೈರ್ ದಪ್ಪ ಇರ್ಬೇಕು. ಇಲ್ಲಾಂದ್ರೆ ಕರೆಂಟ್ ದಾರೀಲೇ ಸೊರಗುತ್ತೆ, ವೈರ್ ಕಾಯುತ್ತೆ."

ಚೌಕಾಸಿಗೆ ಹೋಗಿ ಬರಿಗೈಯಲ್ಲಿ ಮರಳಿದ್ದು ಇದೇ ಮೊದಲು.

ಮೇ 8, ಗುರುವಾರ

ಎರಡೂವರೆ ಎಂಎಂ ವೈರನ್ನೇ ತಂದು ನಾನೇ ಎಳೆದೆ... ಫ್ಯೂಸ್ ತಂತಿಯನ್ನೂ ಕೊಂಚ ದಪ್ಪದ್ದೇ ಹಾಕಿದೆ. ಯಾರಿಗೂ ಹೇಳಿಲ್ಲ. ಇಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ.

ಮೇ 9, ಶುಕ್ರವಾರ

ಕಿಡಿ ಇಲ್ಲ. ಮೆಷಿನ್ ಗುರ್ ಎನ್ನುತ್ತದೆ, ವೆಲ್ಡಿಂಗ್ ರಾಡ್ ಪೈಪಿಗೆ ಜಿಗಣೆಯಂತೆ ಅಂಟುತ್ತದೆ. ಹೆಂಡತಿ ಬಂದು ಗೋಡೆಯ ಮೇಲಿನ ವೈರಿಗೆ ಅಂಗೈ ಇಟ್ಟಳು, ಮಗುವಿನ ಹಣೆ ಮುಟ್ಟಿ ನೋಡುವಂತೆ.

"ಜ್ವರ ಬಂದಿದೆ ಇದಕ್ಕೆ."

ಹೋಗಿ ಮೇನ್ ಆಫ್ ಮಾಡಿದಳು. ಬಯ್ಯಲಿಲ್ಲ. ಹೆದರಿಕೆಯಾದದ್ದು ಅದಕ್ಕೇ. ವೈರ್ ಕಿತ್ತೆ, ಹಳೆಯ ಫ್ಯೂಸ್ ತಂತಿ ಮತ್ತೆ ಹಾಕಿದೆ.

ಮೇ 13, ಮಂಗಳವಾರ

ಮೂರು ದಿನ ಬರೆದಿಲ್ಲ. ಬರೆಯಲು ಏನಿತ್ತು? ಸುತ್ತಿಟ್ಟ ವೈರ್, ಊದಿದ ಮುಖ. ಅಕ್ಕ ಬರಲು ಇನ್ನು ನಾಲ್ಕೇ ದಿನ.

ಊಟಕ್ಕೆ ಬಡಿಸುತ್ತ ಹೆಂಡತಿಯೇ ಶುರು ಮಾಡಿದಳು: "ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದ ಹಾಗಾಯ್ತು ನಿಮ್ಮ ಕಥೆ. ಬೋರ್ಡ್ ಇರೋದು ಮುಂದೆ, ಮೆಟ್ಟಿಲು ಇರೋದೂ ಮುಂದೆ. ಕರೆಂಟ್ ಯಾಕ್ರೀ ಹಿತ್ತಿಲಿಗೆ ಹೋಗ್ಬೇಕು? ಮೆಷಿನ್ನೇ ಮುಂದಕ್ಕೆ ಬರ್ಲಿ."

"ಅಲ್ಲಿ ಜಾಗ ಎಲ್ಲಿದೆ?"

ಸೌಟಿನಿಂದಲೇ ಮುಂಬಾಗಿಲ ಕಡೆ ತೋರಿಸಿದಳು.

ಅಲ್ಲಿರುವುದು ನನ್ನ ಸ್ಕೂಟರ್. ಪಾತ್ರೆ ಕಟ್ಟಿಕೊಂಡು ಮನೆಮನೆ ತಿರುಗಿದ್ದು. ಹದಿನಾಲ್ಕು ವರ್ಷದಿಂದ ಮುಸುಕು ಹೊದ್ದು ಮಲಗಿದೆ. ನಾಳೆ ರಿಪೇರಿ, ನಾಳೆ ರಿಪೇರಿ ಎಂದು ಜೋಗುಳ ಹಾಡಿದವನು ನಾನೇ.

ಮೇ 14, ಬುಧವಾರ

ಸ್ಕೂಟರ್ ಸರಿಸಿದೆ. ಹಿಂದಿನ ಕ್ಯಾರಿಯರ್ ಮಾತ್ರ ಬಿಚ್ಚಿಟ್ಟುಕೊಂಡೆ. ಮುತ್ತಮ್ಮ ಮತ್ತೆ ಟೇಪು ಎಳೆದಳು.

"ನಾಲ್ಕು ಮೀಟರ್." ಬೆರಳಲ್ಲೇ ಏನೋ ಲೆಕ್ಕ. "ನಾಲ್ಕು ಎಂಎಂ ಸಾಕು. ಇದಕ್ಕೇ ಅಂತ ಬೇರೆ ಬ್ರೇಕರ್, ಬೇರೆ ಸಾಕೆಟ್, ಅರ್ತಿಂಗ್."

ಗಂಟಲು ಹರಿದುಕೊಂಡರೂ ಇಳಿಯದ ಆರು, ಒಂದು ಸ್ಕೂಟರ್ ಪಕ್ಕಕ್ಕೆ ಸರಿದೊಡನೆ ನಾಲ್ಕಕ್ಕೆ ಇಳಿಯಿತು!

"ಎರಡು ನಿಮಿಷ ವೆಲ್ಡಿಂಗ್, ಐದು ನಿಮಿಷ ಸುಮ್ನೆ. ಬಿಸಿ ಆರ್ಬೇಕು."

"ಈ ರೂಲ್ ಇವರ ಬಾಯಿಗೂ ಹಾಕಮ್ಮ" — ಹೆಂಡತಿ.

ಮುತ್ತಮ್ಮ ನಕ್ಕಳು. ಒಂದೆರಡು ಮುತ್ತಲ್ಲ, ಸರವೇ ಹರಿಯಿತು. ಕೆಲಸ ಮುಗಿಸಿ ಹೋಗುವಾಗ ಸ್ಕೂಟರಿನ ಮುಸುಕೆತ್ತಿದಳು.

"ಓಡುತ್ತಾ?"

"ಓಡಿಸೋರಿಗೆ ಓಡುತ್ತೆ."

"ನಾನು ಓಡಿಸ್ತೀನಿ."

ಕೊಟ್ಟುಬಿಟ್ಟೆ. ಚೌಕಾಸಿ ಇಲ್ಲ. ತಳ್ಳಿಕೊಂಡು ಹೋದಳು. ಬೀದಿ ತಿರುಗುವವರೆಗೂ ನಿಂತು ನೋಡಿದೆ.

ಮೇ 15, ಗುರುವಾರ. ಬೆಳಿಗ್ಗೆ 10

ಕಿಡಿ! ಕಾದೆಣ್ಣೆಗೆ ಸಾಸಿವೆ ಬಿದ್ದಂತೆ ಚಟಚಟ! ರಾಡ್ ಅಂಟಲಿಲ್ಲ, ಮಿಕ್ಸಿ ನಿಲ್ಲಲಿಲ್ಲ. ಹೆಂಡತಿ ವೈರಿಗೆ ಅಂಗೈ ಇಟ್ಟಳು. "ತಣ್ಣಗಿದೆ." ಐವತ್ತು ವರ್ಷ ಗಿರಾಕಿಗಳ ಬಾಯಿಂದ ಹೊಗಳಿಕೆ ಕೇಳಿದ್ದೇನೆ, ಇಷ್ಟು ರುಚಿ ಯಾವುದಕ್ಕೂ ಇರಲಿಲ್ಲ.

ಎರಡು ನಿಮಿಷ ಕೆಲಸ, ಐದು ನಿಮಿಷ ಸುಮ್ಮನೆ. ಸುಮ್ಮನಿರುವುದೇ ಕಷ್ಟ.

ಮೇ 17, ಶನಿವಾರ. ಮಧ್ಯಾಹ್ನ

ಅಕ್ಕ ಕಾರಿನ ಕಿಟಕಿಯಿಂದಲೇ ರೇಲಿಂಗ್ ನೋಡಿದಳು. "ಏನೋ ಇದು, ಬೆಸುಗೆನೋ ಗುಬ್ಬಚ್ಚಿ ಹಿಕ್ಕೆನೋ?"

"ಹಿಡಿದು ನೋಡಿ ಆಮೇಲೆ ಮಾತಾಡೇ."

ಇಳಿದಳು. ಪಾತ್ರೆ ಕೊಳ್ಳುವವಳಂತೆ ರೇಲಿಂಗನ್ನು ಬೆರಳಿಂದ ಬಡಿದಳು, ಎರಡೂ ಕೈಯಿಂದ ಅಲ್ಲಾಡಿಸಿದಳು. ಅಲ್ಲಾಡಲಿಲ್ಲ. ಒಂದು. ಎರಡು. ಮೂರನೇ ಮೆಟ್ಟಿಲ ಬಳಿ ಕ್ಯಾರಿಯರನ್ನೇ ಬೆಸೆದು ಒಂದು ಪುಟ್ಟ ಕಟ್ಟೆ ಮಾಡಿದ್ದೆ. ಬ್ಯಾಗು ಅದರ ಮೇಲಿಟ್ಟು ನಿಂತಳು.

"ನಿನ್ನ ಪಾತ್ರೆ ಗಾಡೀದಲ್ವೇನೋ ಇದು?"

ಹೂಂ ಎಂದೆ.

"ಐದು ನಿಮಿಷ ಸುಮ್ನಿರಿ ಅತ್ತಿಗೆ, ಬಿಸಿ ಆರ್ಲಿ" ಎಂದಳು ಹೆಂಡತಿ ಮೇಲಿನಿಂದ. ನಾಲ್ಕು. ಐದು.

ಲೆಕ್ಕ ಮುಗಿಸುತ್ತೇನೆ, ಇಲ್ಲೇ ಮೇಲಿನ ಮೆಟ್ಟಿಲ ಮೇಲೆ ಕೂತು. ಮುತ್ತಮ್ಮನಿಗೆ — ಸ್ಕೂಟರ್. ನಿನ್ನೆ ಈ ಬೀದಿಯಲ್ಲೇ ಓಡಿತಂತೆ. ಹೆಂಡತಿಗೆ — ನಿಲ್ಲದ ಮಿಕ್ಸಿ, ಜೊತೆಗೆ ಜೀವಮಾನಪೂರ್ತಿ ಹೇಳಲು ಒಂದು "ನಾನಾಗ್ಲೇ ಹೇಳ್ಲಿಲ್ವಾ". ಅಕ್ಕನಿಗೆ — ಮೆಟ್ಟಿಲು ಐದು. ನನಗೆ —

ಅಕ್ಕ ಕರೆಯುತ್ತಿದ್ದಾಳೆ. ಟೀ ಆರುತ್ತಿದೆಯಂತೆ. ಕಾರಿನಿಂದಲ್ಲ, ಮನೆಯ ಒಳಗಿನಿಂದ.